ಜಿಪಿಎಸ್ ಜಾಡನ್ನು ತಿದ್ದದೆ ಕಳುಹಿಸಿ

ಪ್ರಶ್ನೆ: ನಾನು ಆಗಾಗ ಬೈಕಿನಲ್ಲಿ ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಹೋಗಿಬರುತ್ತೇನೆ. ಜನರೇ ಸೇರಿ ತಯಾರಿಸುವ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೊಡೋಣವೆಂದು ಮೊಬೈಲಿನಲ್ಲಿ ಜಿಪಿಎಸ್ ಜಾಡು (ಹೋದ ದಾರಿಯುದ್ದಕ್ಕೂ ಗುರುತಾದ ಬಿಂದುಗಳ ಸಾಲು) ದಾಖಲಿಸಿದ್ದೇನೆ. ಗೆರೆ ತಿರುವುಗಳಲ್ಲಿ ಅಂಕುಡೊಂಕಾಗಿದೆ, ಒಂದೆರಡು ಕಡೆ ಕಂದಕಕ್ಕೇ ಇಳಿದಿದೆ. ತಿದ್ದಿ ಕಳುಹಿಸಲೇ? ಇದರಿಂದ ನನ್ನ ಮನೆ ಎಲ್ಲಿದೆಯೆಂದು ಬೇರೆಯವರಿಗೆ ತಿಳಿಯುವುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ತಿದ್ದಬೇಡಿ. ಉಪಗ್ರಹ ಚಿತ್ರ ನೋಡಿ ಮಲೆನಾಡಿನ ರಸ್ತೆಗಳ ಗೆರೆ ಎಳೆಯುವವರಲ್ಲಿ ನಾನೂ ಒಬ್ಬ. ಆ ಘಾಟಿಯಲ್ಲಿ ರಸ್ತೆ ಒಂದು ತಿರುವಿನಲ್ಲಿ ಬೂದುಗೆರೆಯಾಗಿ ಕಂಡರೆ ಮುಂದಿನದರಲ್ಲಿ ಮರಗಳಡಿ ಮಾಯವಾಗುತ್ತದೆ. ಸಾಲದ್ದಕ್ಕೆ, ಬೆಟ್ಟದ ಏರುತಗ್ಗನ್ನು ಸರಿಯಾಗಿ ಲೆಕ್ಕಹಾಕದಿದ್ದರೆ ಚಿತ್ರವೇ ಹಲವು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅದು ಸರಿದಿದೆ ಎಂದು ನನಗೆ ತಿಳಿಯುವುದೇ ನಿಮ್ಮಂಥವರ ಜಾಡಿನಿಂದ.

ಬಯಲಿನಲ್ಲಿ ಮೊಬೈಲ್ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಘಾಟಿಯಲ್ಲಿ ಬಂಡೆಗೆ ಬಡಿದು ಬರುವ ಜಿಪಿಎಸ್ ಉಪಗ್ರಹಗಳ ಸಂಕೇತದಿಂದ ಗೆರೆ ಎಳೆದಾಡುತ್ತದೆ. ಆದರೆ ಇನ್ನೊಂದು ಹೊತ್ತಿನಲ್ಲಿ ಉಪಗ್ರಹಗಳು ಬೇರೆ ಕಡೆ ಇರುವುದರಿಂದ ಆ ತಪ್ಪೂ ಬೇರೆ ರೀತಿಯದಾಗಿರುತ್ತದೆ. ಹಲವು ಜಾಡುಗಳನ್ನು ಒಂದರ ಮೇಲೊಂದು ಹರಡಿದಾಗ ಗೆರೆಗಳು ದಟ್ಟವಾಗಿರುವ ಕಡೆ ರಸ್ತೆ ಎದ್ದು ಕಾಣುತ್ತದೆ. ನೀವು ನಕ್ಷೆಯಲ್ಲಿರುವ ರಸ್ತೆಗೆ ಹೊಂದಿಸಿ ಕಳುಹಿಸಿದರೆ, ಆ ರಸ್ತೆ ತಪ್ಪಾಗಿದ್ದರೂ ನಿಮ್ಮ ಜಾಡು ಅದಕ್ಕೇ ಸಾಕ್ಷಿ ಹೇಳುತ್ತದೆ! ಆದ್ದರಿಂದ ಜಾಡನ್ನು ರಸ್ತೆಗೆ ಅಂಟಿಸುವ ಆಯ್ಕೆ ಆ್ಯಪ್‌ನಲ್ಲಿದ್ದರೆ ಅದನ್ನು ಬಂದ್ ಮಾಡಿಬಿಡಿ, ಸೆಕೆಂಡಿಗೊಂದು ಬಿಂದು ದಾಖಲಾಗಲಿ. ಇಳಿಯುವಾಗಿನ ಜಾಡನ್ನೂ ಹತ್ತುವಾಗಿನದನ್ನೂ ಕೊಡಿ. ಜಾಡು ಉಳಿಯುವ ಜಿಪಿಎಕ್ಸ್ ಕಡತದಲ್ಲಿ ಪ್ರತಿ ಬಿಂದುವಿನ ಸಮಯವನ್ನು ಮಾತ್ರ ಅಳಿಸಬೇಡಿ; ಸಮಯವಿಲ್ಲದ ಬಿಂದುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ತಾಣ ತೆಗೆದುಕೊಳ್ಳುವುದಿಲ್ಲ.

ಮನೆಯ ಬಗ್ಗೆ ನಿಮ್ಮ ಆತಂಕ ನ್ಯಾಯವಾದದ್ದೇ. ಜಾಡಿನ ಎರಡೂ ತುದಿಗಳಲ್ಲಿ ಮನೆಯ ಸುತ್ತಲಿನ ಭಾಗವನ್ನು ಕತ್ತರಿಸಿಯೇ ತಾಣಕ್ಕೆ ಏರಿಸಿ, ಇದು ತಿದ್ದುಪಡಿಯಲ್ಲ. ಚಹಾಕ್ಕೆ ನಿಂತಲ್ಲಿ ಗುಂಪುಗೂಡಿದ ಬಿಂದುಗಳನ್ನೂ ತೆಗೆಯಬಹುದು. ಏರಿಸುವಾಗ ‘ಖಾಸಗಿ’ ಎಂದು ಆರಿಸಿದರೆ ಹೆಸರೂ ಕ್ರಮವೂ ಇಲ್ಲದ ಬಿಡಿ ಬಿಂದುಗಳಷ್ಟೇ ಇತರರಿಗೆ ಸಿಗುತ್ತವೆ. ಹೆಸರಿಲ್ಲದೆ ಬಿಂದುಗಳನ್ನು ಸಮಯ, ಕ್ರಮಗಳೊಂದಿಗೆ ಹಂಚುವ ಆಯ್ಕೆಯೂ ಇದೆ. ತುದಿ ಕತ್ತರಿಸಿದ ಮೇಲೆ ಅದನ್ನೇ ಆರಿಸಿ ಎನ್ನುತ್ತೇನೆ. ಹತ್ತಿರ ಹತ್ತಿರ ಮಡಚಿಕೊಂಡ ತಿರುವುಗಳಲ್ಲಿ ಬಿಡಿ ಬಿಂದುಗಳು ಮೇಲಿನ ರಸ್ತೆಯವೋ ಕೆಳಗಿನದವೋ ತಿಳಿಯುವುದಿಲ್ಲ, ಕ್ರಮವಿದ್ದರೆ ತಿಳಿಯುತ್ತದೆ.

ಜಾಡು ಏರಿಸಿದ ಮಾತ್ರಕ್ಕೆ ನಕ್ಷೆ ತಾನಾಗಿ ಬದಲಾಗುವುದಿಲ್ಲ, ಯಾರಾದರೂ ಕೂತು ಗೆರೆ ಸರಿಸಬೇಕು. ಆ ಕೆಲಸಕ್ಕೆ ನೀವೇ ಕೂತರೆ ಇನ್ನೂ ಒಳ್ಳೆಯದು, ಆ ತಿರುವುಗಳನ್ನು ಕಣ್ಣಾರೆ ಕಂಡವರು ನೀವು.