ದುಡ್ಡು ಮನೆಗೆ ಬಂತು, ನಿದ್ದೆ ಬ್ಯಾಂಕಿನಲ್ಲೇ ಉಳಿಯಿತು

(ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಒಬ್ಬರನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ.)

ರಾಯರು ಬಂದದ್ದು 2023ರ ಮಾರ್ಚ್ ಕೊನೆಯ ವಾರದಲ್ಲಿ. ಅರವತ್ತು ದಾಟಿದವರು, ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರ ನೋಡಿಕೊಂಡವರು. ಜೊತೆಯಲ್ಲಿ ಹೆಂಡತಿ ಇದ್ದರು. ಮೊದಲು ಬಾಯಿಬಿಟ್ಟವರೂ ಅವರೇ. "ಮೇಡಂ, ಎಫ್‌ಡಿ ಮುರಿಸಿ ದುಡ್ಡು ತಂದು ಬೀರುವಿನಲ್ಲಿಟ್ಟರು. ದುಡ್ಡು ಮನೆಗೆ ಬಂತು, ಇವರ ನಿದ್ದೆ ಬ್ಯಾಂಕಲ್ಲೇ ಉಳೀತು."

ಆ ತಿಂಗಳ ಸುದ್ದಿ ನೆನಪಿರಬಹುದು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಮಾರ್ಚ್ 9ರಂದು ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಗ್ರಾಹಕರು ಮುಗಿಬಿದ್ದರು. ಮರುದಿನ ಬ್ಯಾಂಕು ಮುಚ್ಚಿತು. 19ನೇ ತಾರೀಖಿನ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್‌ನಂಥ ಹಳೆಯ ಬ್ಯಾಂಕನ್ನು ಅಲ್ಲಿನದೇ ಇನ್ನೊಂದು ಬ್ಯಾಂಕಾದ ಯುಬಿಎಸ್ ಕೊಳ್ಳುವುದೆಂದು ತೀರ್ಮಾನವಾಯಿತು. ರಾಯರ ಬ್ಯಾಂಕಿಗೂ ಇವಕ್ಕೂ ಸಂಬಂಧವಿರಲಿಲ್ಲ. ಆದರೆ ವಾಟ್ಸ್ಆ್ಯಪ್‌ನಲ್ಲಿ "ಮುಂದಿನ ಸರದಿ ಯಾರದು?" ಎಂಬ ಸಂದೇಶಗಳು ದಿನಕ್ಕೆ ಹತ್ತು ಬರುತ್ತಿದ್ದವು. ಇವರು ನಡುರಾತ್ರಿ ಎರಡಕ್ಕೆ ಎದ್ದು ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲಿ ಇನ್ನೂ ಉಳಿದಿದ್ದ ಬಾಕಿ ಹಣ ನೋಡುತ್ತಿದ್ದರು. ಇದೆ. ಮಲಗುತ್ತಿದ್ದರು. ಕಾಲು ಗಂಟೆಗೆ ಮತ್ತೆ ಎದ್ದು ನೋಡುತ್ತಿದ್ದರು. ಎದೆ ಭಾರ ಎಂದದ್ದಕ್ಕೆ ಮೊದಲು ವೈದ್ಯರ ಬಳಿ ಕಳಿಸಿದೆ. ಹೃದಯಕ್ಕೇನೂ ಆಗಿಲ್ಲವೆಂದು ಗೊತ್ತಾದ ಮೇಲೆಯೇ ಮಾತು ಮುಂದುವರಿಸಿದ್ದು.

ಆರಂಭದಲ್ಲೇ ನಾನೊಂದು ತಪ್ಪು ಮಾಡಿದೆ. "ಬ್ಯಾಂಕುಗಳು ಅಷ್ಟು ಸುಲಭವಾಗಿ ಬೀಳುವುದಿಲ್ಲ ರಾಯರೇ" ಎಂದುಬಿಟ್ಟೆ. ಅವರು ನಕ್ಕು, ಬಿದ್ದ ಬ್ಯಾಂಕುಗಳ ಪಟ್ಟಿಯನ್ನು ಜೇಬಿನಿಂದ ತೆಗೆದರು. ಹೆದರಿದವರಿಗೆ ಹೆದರಬೇಡಿ ಎನ್ನುವುದು ನಾವು ಕಲಿತ ವಿದ್ಯೆಯಲ್ಲ, ಆದರೂ ಬಾಯಿಗೆ ಬಂದುಬಿಡುತ್ತದೆ.

ಅವರ ತರ್ಕ ಪೆದ್ದುತನದ್ದಾಗಿರಲಿಲ್ಲ ಎನ್ನುವುದೇ ಈ ಪ್ರಕರಣದ ಕಷ್ಟ. ಜನ ಕೇಳಿದಾಗ ವಾಪಸು ಕೊಡಬೇಕಾದ ಹಣವನ್ನು ಬ್ಯಾಂಕು ವರ್ಷಗಟ್ಟಲೆ ತೀರುವ ಸಾಲಗಳಲ್ಲಿ ತೊಡಗಿಸಿರುತ್ತದೆ. ಎಲ್ಲರೂ ಒಂದೇ ದಿನ ಕೇಳಿದರೆ ಗಟ್ಟಿ ಬ್ಯಾಂಕಿನಲ್ಲೂ ನಗದು ಸಾಲದು. ಹಾಗಾಗಿ ಬ್ಯಾಂಕು ಚೆನ್ನಾಗಿದೆ ಎಂದು ನಂಬಿದವನೂ, ಮಿಕ್ಕವರು ಓಡುತ್ತಾರೆಂದು ಅನಿಸಿದರೆ ತಾನೇ ಮೊದಲು ಓಡುವುದು ಲೆಕ್ಕಕ್ಕೆ ಸರಿ. ಡೈಮಂಡ್ ಮತ್ತು ಡಿಬ್ವಿಗ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1983ರಲ್ಲಿ ಬರೆದದ್ದು ಇದನ್ನೇ. 2022ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ರಾಯರು ಅವರನ್ನು ಓದಿರಲಿಲ್ಲ, ಸ್ವಂತ ಬುದ್ಧಿಯಿಂದಲೇ ಅಲ್ಲಿಗೆ ತಲುಪಿದ್ದರು.

ಎರಡನೇ ಭೇಟಿಯಲ್ಲಿ ನಾನು ಅವರ ಲೆಕ್ಕದೊಳಕ್ಕೇ ಇಳಿದೆ. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ 2007ರ ಸೆಪ್ಟೆಂಬರಿನಲ್ಲಿ ಸಾಲುಗಟ್ಟಿದವರ ಕಥೆ ಹೇಳಿದೆ. ಆಗ ಅಲ್ಲಿ ಠೇವಣಿಯ ಮೊದಲ 2,000 ಪೌಂಡಿಗೆ ಮಾತ್ರ ಪೂರ್ತಿ ರಕ್ಷಣೆ. ಅದರ ಮೇಲಿನ 33,000ಕ್ಕೆ ಶೇ. 90ರಷ್ಟು. ಹತ್ತರಲ್ಲೊಂದು ಪಾಲು ಹೋಗಬಹುದೆಂದರೆ ಯಾರು ತಾನೇ ಸಾಲಿನಲ್ಲಿ ನಿಲ್ಲುವುದಿಲ್ಲ? ಠೇವಣಿಗೆಲ್ಲ ತಾನು ಹೊಣೆ ಎಂದು ಸರ್ಕಾರ ಘೋಷಿಸಿದ ಮೇಲೆಯೇ ಸಾಲು ಕರಗಿದ್ದು. ಈಗ ಬಹಳ ದೇಶಗಳಲ್ಲಿ ಒಂದು ಮಿತಿಯೊಳಗಿನ ಠೇವಣಿಗೆ ಪೂರ್ತಿ ವಿಮೆಯಿದೆ, ಬ್ಯಾಂಕು ಬಿದ್ದರೂ ಅಷ್ಟು ವಾಪಸು ಸಿಗುತ್ತದೆ. ಅಮೆರಿಕದಲ್ಲಿ ಎರಡೂವರೆ ಲಕ್ಷ ಡಾಲರ್, ಐರೋಪ್ಯ ಒಕ್ಕೂಟದಲ್ಲಿ ಒಂದು ಲಕ್ಷ ಯೂರೊ, ಭಾರತದಲ್ಲಿ 2020ರಿಂದ ಬಡ್ಡಿಯೂ ಸೇರಿ ಐದು ಲಕ್ಷ ರೂಪಾಯಿ. ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿಗೆ ಇಷ್ಟು ಎಂಬ ಲೆಕ್ಕ.

"ನಿಮ್ಮದು ಮಿತಿಯೊಳಗಿದೆಯೇ?" ಎಂದು ಕೇಳಿದೆ. ಲೆಕ್ಕಿಗರು ಉತ್ತರಿಸಲಿಲ್ಲ. ಹೆಂಡತಿಯ ಕಡೆ ನೋಡಿದರು.

ಇಲ್ಲೊಂದು ಮಾತು. ಬಾಲ್ಯದಲ್ಲಿ ಯಾರೋ ಹಣ ಮುಳುಗಿಸಿದ್ದನ್ನು ಕಂಡಿರಬೇಕು ಎಂದು ನಾನು ಒಳಗೊಳಗೇ ಹುಡುಕುತ್ತಿದ್ದೆ. ಅಂಥದ್ದೇನೂ ಇರಲಿಲ್ಲ. ಮುಂದಿನ ಸಲ ಒಬ್ಬರೇ ಬಂದಾಗ ವಿಷಯ ಹೊರಬಿತ್ತು: ಆ ಖಾತೆಯಲ್ಲಿದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಂಗಿಯದು. ಗಂಡ ತೀರಿಕೊಂಡ ಮೇಲೆ ಆಕೆ ಮನೆ ಮಾರಿ ಬಂದದ್ದನ್ನು ಅಣ್ಣನ ಕೈಗೆ ಕೊಟ್ಟಿದ್ದರು. ಹೆಂಡತಿಗೆ ಗೊತ್ತಿರಲಿಲ್ಲ. "ನನ್ನದು ಹೋದರೆ ಗಂಜಿ ಕುಡಿದಾದರೂ ಇರ್ತೀನಿ. ಅವಳಿಗೆ ಯಾವ ಮುಖ ತೋರಿಸಲಿ?" ಎಂದರು. ರಾತ್ರಿ ಎರಡಕ್ಕೆ ಅವರು ನೋಡುತ್ತಿದ್ದದ್ದು ಬಾಕಿಯನ್ನಲ್ಲ.

ಕೊಟ್ಟ ಸಲಹೆ ಹೀಗಿತ್ತು. ನಾನು ಹಣಕಾಸು ಸಲಹೆಗಾರಳಲ್ಲ ಎಂದು ಮೊದಲೇ ಹೇಳಿದ್ದೆ. ಎಲ್ಲಿ ಎಷ್ಟಿಡಬೇಕೆಂಬುದನ್ನು ಬಲ್ಲವರ ಜೊತೆ ಕೂತು ನೋಡಿ ಎಂದೆ. ಆದರೆ ಒಂದನ್ನು ಒತ್ತಿ ಹೇಳಿದೆ. ತಂಗಿಯ ಹಣ ನಿಮ್ಮ ಹೆಸರಿನಲ್ಲಿರುವ ತನಕ ವಿಮೆಯ ಕಣ್ಣಿಗೆ ಇಬ್ಬರೂ ಸೇರಿ ಒಬ್ಬರೇ. ಅದು ಆಕೆಯ ಹೆಸರಿಗೆ ಹೋದರೆ ಆಕೆಗೆ ಆಕೆಯದೇ ರಕ್ಷಣೆ. ಇನ್ನು ಬೀರುವಿನಲ್ಲಿಟ್ಟ ನೋಟಿಗೆ ಯಾವ ಠೇವಣಿ ವಿಮೆಯೂ ಇಲ್ಲ, ಬಡ್ಡಿಯೂ ಇಲ್ಲ. ಕಾಪಾಡುವ ಅಕ್ಕರೆಯಿಂದಲೇ ಅವರು ಹಣವನ್ನು ಹೆಚ್ಚು ಅಪಾಯದಲ್ಲಿ ಇಟ್ಟಿದ್ದರು. ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ತಂಗಿಗೂ ಹೆಂಡತಿಗೂ ತಾವೇ ಹೇಳಬೇಕು, ನನ್ನ ಮೂಲಕವಲ್ಲ ಎಂದೂ ಒಪ್ಪಿಸಿದೆ. ಅದಕ್ಕೆ ಎರಡು ವಾರ ಹಿಡಿಯಿತು.

ಬಾಕಿ ನೋಡುವ ಚಟದ ವಿಷಯ ಬೇರೆ. ಪ್ರತಿ ಸಲ ನೋಡಿದಾಗ ಸಿಗುವ ಸಮಾಧಾನ ಕೆರೆದಾಗ ಸಿಗುವ ಸುಖದ ಹಾಗೆ, ತುರಿಕೆಯನ್ನು ಹೆಚ್ಚಿಸುತ್ತದೆ. ನಿಲ್ಲಿಸಿ ಎನ್ನಲಿಲ್ಲ. ಎಷ್ಟು ಸಲವೆಂದು ಬರೆದಿಡಿ ಎಂದೆ. ಗೆರೆ ಎಳೆದು, ಕಾಲಂ ಮಾಡಿ, ಕೆಳಗೆ ಮೊತ್ತ ಹಾಕಿ ತಂದರು: ಒಂದು ದಿನ 41. ನನಗೆ ನಗು ಬಂತು, ಅವರಿಗೂ ಬಂತು. ಆಮೇಲೆ ಸಂಜೆ ಆರಕ್ಕೆ ಒಂದೇ ಸಲ, ಹೆಂಡತಿಯ ಜೊತೆ ಕೂತು ನೋಡುವುದೆಂದಾಯಿತು. ನಡುವೆ ಕೈ ಫೋನಿನ ಕಡೆ ಹೋದರೆ ಹತ್ತು ನಿಮಿಷ ತಡೆದು, ಭಯ ಏರುವುದನ್ನೂ ತಾನಾಗಿ ಇಳಿಯುವುದನ್ನೂ ಗಮನಿಸುವುದು. ಫಾರ್ವರ್ಡ್ ಬಂದರೆ ಬ್ಯಾಂಕಿನ ಅಥವಾ ಕೇಂದ್ರ ಬ್ಯಾಂಕಿನ ಅಧಿಕೃತ ಪ್ರಕಟಣೆ ನೋಡುವವರೆಗೆ ಇನ್ನೊಬ್ಬರಿಗೆ ಕಳಿಸಬಾರದು. ಮೊದಲ ವಾರ ಸೋತರು. ಮೂರನೇ ವಾರ ದಿನಕ್ಕೆ ಆರು ಸಲಕ್ಕೆ ಇಳಿದಿತ್ತು.

ತಂಗಿ ಕೇಳಿದೊಡನೆ ಸಿಟ್ಟಾದರಂತೆ. ಬ್ಯಾಂಕಿನ ಮೇಲಲ್ಲ. "ಅಣ್ಣಾ, ನನ್ನ ದುಡ್ಡಿಗೆ ನನ್ನನ್ನೊಂದು ಮಾತು ಕೇಳದೆ ನೀನೊಬ್ಬನೇ ಯಾಕೆ ನಿದ್ದೆಗೆಟ್ಟೆ?" ಈಗ ಆಕೆಯದು ಎರಡು ಬ್ಯಾಂಕುಗಳಲ್ಲಿ, ಆಕೆಯ ಹೆಸರಿನಲ್ಲೇ ಇದೆ. ತನ್ನಿಂದ ಮುಚ್ಚಿಟ್ಟರೆಂದು ಹೆಂಡತಿಗೂ ನೋವಾಗಿತ್ತು. ಅದಕ್ಕಾಗಿ ಇಬ್ಬರೂ ಇನ್ನೆರಡು ಸಲ ಬಂದರು.

ಕೊನೆಯ ಭೇಟಿಯಲ್ಲಿ ರಾಯರು, ಒಂದು ತಿಂಗಳ ಖರ್ಚಿನಷ್ಟು ನಗದನ್ನು ಮಾತ್ರ ಬೀರುವಿನಲ್ಲೇ ಇಟ್ಟುಕೊಂಡಿದ್ದೇನೆ, ತಪ್ಪೇ ಎಂದು ಕೇಳಿದರು. ತಪ್ಪೇನಿಲ್ಲ ಎಂದೆ. ಫೋನು ರಾತ್ರಿ ಹಾಲ್‌ನಲ್ಲಿ ಚಾರ್ಜಿಗಿರುತ್ತದಂತೆ.