ನಿವೃತ್ತರಾಗಿದ್ದ ಜನರಲ್ ವಿಂಕಲ್‌ಮನ್‌ಗೆ 1940ರಲ್ಲಿ ಡಚ್ ಸೇನೆಯ ಚುಕ್ಕಾಣಿ ಕೊಟ್ಟಿದ್ದೇಕೆ?

ಆಗಿನ ಮಹಾದಂಡನಾಯಕ ರೈಂಡರ್ಸ್‌ಗೂ ರಕ್ಷಣಾ ಸಚಿವ ಡೈಕ್ಸ್‌ಹೋರ್ನ್‌ಗೂ ಹೊಂದಾಣಿಕೆ ಮುರಿದುಬಿದ್ದಿದ್ದೇ ಕಾರಣ. ಬ್ರೆಡಾದ ಸೇನಾ ಅಕಾಡೆಮಿಯಲ್ಲಿ ಕಲಿತು ಲೆಫ್ಟಿನೆಂಟ್ ಜನರಲ್ ಹುದ್ದೆವರೆಗೆ ಏರಿದ್ದ ಹೆನ್ರಿ ವಿಂಕಲ್‌ಮನ್, 1934ರಲ್ಲಿ ಸೇನಾ ಸಿಬ್ಬಂದಿ ಮುಖ್ಯಸ್ಥನ ಸ್ಥಾನ ಇದೇ ರೈಂಡರ್ಸ್ ಪಾಲಾದಾಗ ನಿವೃತ್ತಿ ಪಡೆದಿದ್ದರು. 1940ರ ಫೆಬ್ರುವರಿಯಲ್ಲಿ, 63ನೇ ವಯಸ್ಸಿನಲ್ಲಿ, ಅವರನ್ನೇ ಮರಳಿ ಕರೆಸಲಾಯಿತು.

ಜಗಳದ ಮೂಲ ಎರಡು: ಯುದ್ಧಸಿದ್ಧತೆಗೆ ಸೇನೆಗೆ ಎಷ್ಟು ಅಧಿಕಾರ ಕೊಡಬೇಕು, ಜರ್ಮನರನ್ನು ಎಲ್ಲಿ ತಡೆಯಬೇಕು. ದೇಶದ ನಡುಭಾಗದ ರಕ್ಷಣಾ ಸಾಲಾದ ಗ್ರೆಬ್ಬೆ ರೇಖೆಯಲ್ಲಿ ಶತ್ರುವನ್ನು ಸ್ವಲ್ಪ ಕಾಲ ತಡೆದು, ಆಮೇಲೆ ಉಟ್ರೆಕ್ಟ್ ಬಳಿಯ ಜಲರೇಖೆಗೆ ಹಿಂದೆ ಸರಿಯುವುದು ರೈಂಡರ್ಸ್ ಯೋಜನೆ. ಜಲರೇಖೆಯೆಂದರೆ ಹೊಲಗದ್ದೆಗೆ ಬೇಕೆಂದೇ ನೀರು ನುಗ್ಗಿಸಿ ಕಟ್ಟುವ ತಡೆ. ಆದರೆ ಗುಂಡಿನ ಸುರಿಮಳೆಯ ನಡುವೆ, ಅನುಭವ ಕಡಿಮೆಯಿದ್ದ ಪಡೆಗಳು ಹಿಂದೆ ಸರಿಯಹೋದರೆ ಚದುರಿಹೋಗುವ ಅಪಾಯವಿತ್ತು. ಹಾಗಾಗಿ ವಿಂಕಲ್‌ಮನ್ ಗ್ರೆಬ್ಬೆ ರೇಖೆಯನ್ನೇ ಮುಖ್ಯ ನೆಲೆ ಮಾಡಿದರು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರ.

ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನಿ ದಾಳಿಯಿಟ್ಟಿತು; ಮೇ 14ರಂದು ರಾಟರ್‌ಡ್ಯಾಮ್ ಮೇಲೆ ಬಾಂಬ್ ಬಿತ್ತು. ಮುಂದಿನ ಸರದಿ ಉಟ್ರೆಕ್ಟ್ ಎಂಬ ಬೆದರಿಕೆಯೂ ಬಂತು. ಮರುದಿನ ರೈಸೂರ್ಡ್ ಹಳ್ಳಿಯ ಶಾಲೆಯಲ್ಲಿ ವಿಂಕಲ್‌ಮನ್ ಶರಣಾಗತಿಗೆ ಸಹಿ ಹಾಕಿದರು. ಜೀಲ್ಯಾಂಡ್ ಪ್ರಾಂತ್ಯವನ್ನು ಮಾತ್ರ ಅದರಿಂದ ಹೊರಗಿಟ್ಟರು. ಜರ್ಮನಿಯ ವಿರುದ್ಧ ಇನ್ನು ಕೈಯೆತ್ತುವುದಿಲ್ಲ ಎಂದು ಮಾತು ಕೊಡಲು ಒಪ್ಪದ್ದರಿಂದ 1945ರವರೆಗೆ ಯುದ್ಧಕೈದಿಯಾಗಿದ್ದರು.