ಬೇಸ್ ಒಳಗೆ ಕಿಕ್ ಮುಳುಗುತ್ತಿದ್ದರೆ

ನಮಸ್ಕಾರ. ಕೋಲಾರದ ತಮಟೆ ಬೀಟ್ ಇಟ್ಟು ರೀಪರ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ 110 ಬಿಪಿಎಂ (ನಿಮಿಷಕ್ಕೆ 110 ಬೀಟ್) ಹಾಡು ಮಾಡ್ತಿದ್ದೀರಿ, ಬೇಸ್ ಬಂದ ಕೂಡಲೇ ಕಿಕ್ (ದೊಡ್ಡ ಡ್ರಮ್‌ನ ಹೊಡೆತ) ಮುಳುಗುತ್ತದೆ, ರಿಯಾಕಾಂಪ್ (ರೀಪರ್‌ನದೇ ಕಂಪ್ರೆಸರ್, ಅಂದರೆ ಜೋರಾದ ಸದ್ದನ್ನು ತಗ್ಗಿಸುವ ಪ್ಲಗಿನ್) ಹಾಕಿದರೂ ಏನೂ ಬದಲಾಗಲಿಲ್ಲ ಅಂದಿದ್ದೀರಿ. ಬಹುಶಃ ಕಂಪ್ರೆಸರ್ ಬೇಸ್‌ನ ಸದ್ದನ್ನೇ ಕೇಳುತ್ತಿದೆ. ಅದು ಕಿಕ್ ಕೇಳಬೇಕು, ಕಿಕ್ ಬಿದ್ದಾಗ ಬೇಸ್ ತಗ್ಗಿಸಬೇಕು.

ಕಿಕ್ ಟ್ರ್ಯಾಕ್‌ನಿಂದ ಬೇಸ್ ಟ್ರ್ಯಾಕ್‌ಗೆ ಸೆಂಡ್ ಮಾಡಿ, ಅಂದರೆ ಕಿಕ್ ಸದ್ದಿನ ಒಂದು ಪ್ರತಿ ಅಲ್ಲಿಗೆ ಕಳಿಸಿ. ಸೆಂಡ್ 3/4 ಚಾನೆಲ್‌ಗೆ ಹೋಗಲಿ, 1/2ಕ್ಕೆ ಬೇಡ. ಇಲ್ಲದಿದ್ದರೆ ಕಿಕ್ ಬೇಸ್ ಟ್ರ್ಯಾಕ್‌ನಲ್ಲೂ ಕೇಳಿಸುತ್ತದೆ. ಆಮೇಲೆ ಬೇಸ್ ಮೇಲಿನ ರಿಯಾಕಾಂಪ್‌ನಲ್ಲಿ ಡಿಟೆಕ್ಟರ್ ಇನ್‌ಪುಟ್ (ಕಂಪ್ರೆಸರ್ ಯಾವ ಸದ್ದು ಕೇಳಬೇಕು ಅನ್ನೋ ಆಯ್ಕೆ) ಅನ್ನು ಆಕ್ಸಿಲಿಯರಿಗೆ, ಅಂದರೆ ಆ 3/4 ಚಾನೆಲ್‌ಗೆ ಬದಲಿಸಿ. ಹೆಚ್ಚಿನವರು ಮರೆಯುವುದು ಇದನ್ನೇ.

ರೇಷಿಯೋ (ಎಷ್ಟು ತಗ್ಗಿಸಬೇಕು) 4:1, ಅಟ್ಯಾಕ್ (ಎಷ್ಟು ಬೇಗ ತಗ್ಗಿಸಬೇಕು) 3 ಮಿಲಿಸೆಕೆಂಡ್ ಸಾಕು. ಅಟ್ಯಾಕ್ ಸೊನ್ನೆಗೆ ಇಳಿಸಿದರೆ ಬೇಸ್‌ನಲ್ಲಿ ಟಕ್ ಅನ್ನೋ ಸದ್ದು ಬರಬಹುದು. ಕಿಕ್ ಬಿದ್ದಾಗ ಮೀಟರ್ 3ರಿಂದ 6 ಡೆಸಿಬಲ್ ಇಳಿಯುವವರೆಗೆ ಥ್ರೆಶೋಲ್ಡ್ (ಕಂಪ್ರೆಸರ್ ಕೆಲಸ ಶುರು ಮಾಡುವ ಮಟ್ಟ) ಇಳಿಸಿ.

ನಿಜವಾದ ಕೆಲಸ ಇರುವುದು ರಿಲೀಸ್‌ನಲ್ಲಿ, ಅಂದರೆ ತಗ್ಗಿದ ಬೇಸ್ ಮತ್ತೆ ಮೇಲೇಳಲು ಹಿಡಿಯುವ ಸಮಯದಲ್ಲಿ. ನಿಮ್ಮ ವೇಗಕ್ಕೆ ಒಂದು ಬೀಟ್ ಸುಮಾರು 545 ಮಿಲಿಸೆಕೆಂಡ್, ಅರ್ಧ ಬೀಟ್ 273. ರಿಲೀಸ್ 120ರಿಂದ ಶುರು ಮಾಡಿ, ಕಣ್ಣು ಮುಚ್ಚಿ ಕೇಳುತ್ತಾ ನಿಧಾನಕ್ಕೆ ಏರಿಸಿ. ಜಾಸ್ತಿಯಾದರೆ ಬೇಸ್ ಮೇಲೇಳುವ ಮೊದಲೇ ಮುಂದಿನ ಕಿಕ್ ಬಂದುಬಿಡುತ್ತದೆ. ತೀರಾ ಕಮ್ಮಿ ಮಾಡಿದರೆ ಬೇಸ್ ಒಡೆದ ಹಾಗೆ ಕೇಳುತ್ತದೆ.

ತಮಟೆಯನ್ನು ಮಾತ್ರ ಈ ಸೆಂಡ್‌ಗೆ ಸೇರಿಸಬೇಡಿ. ಅದರ ಹೊಡೆತಗಳು ತುಂಬಾ ಒತ್ತೊತ್ತಾಗಿ ಬರುತ್ತವೆ, ಬೇಸ್ ತಲೆ ಎತ್ತೋಕೇ ಆಗಲ್ಲ. ನಿಮ್ಮ ಹಾಡಿನ ಜೀವ ಆ ತಮಟೆಯೇ ಅಲ್ವಾ, ಅದನ್ನು ಮುಟ್ಟದೆ ಹಾಗೇ ಬಿಡಿ.

ಫೋನ್ ಸ್ಪೀಕರ್‌ನಲ್ಲಿ ಕೇಳಿ ತೀರ್ಮಾನಿಸಬೇಡಿ, ಅಷ್ಟು ಕೆಳಗಿನ ಸದ್ದು ಅದರಲ್ಲಿ ಬರುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಇಷ್ಟಾದರೂ ಮೀಟರ್ ಅಲ್ಲಾಡದಿದ್ದರೆ ರೂಟಿಂಗ್ ವಿಂಡೋದ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.